ಇಂಗ್ಲೆಂಡಿನ ಮಕ್ಕಳ ಇಂಗ್ಲಿಷ್ ಪಾಠ: ಒಂದು ವಿಮರ್ಶೆ

ಇಂಗ್ಲಿಷ್ ಕಲಿಕೆಯನ್ನು ಕುರಿತು ನಮ್ಮ ನಾಡಿನಲ್ಲಿ ನಡೆದಿರುವಷ್ಟು ವಾದವಿವಾದ ಬೇರೆ ಪಾಠವಿಷಯವನ್ನು ಕುರಿತು ನಡೆದಿರಲಾರದು. ಅದು ಬೇಕೆ ಬೇಡವೆ, ಯಾವ ತರಗತಿಯಿಂದ ಬೇಕು, ಮಾಧ್ಯಮವಾಗಿ ಬೇಕೋ ಭಾಷೆಯಾಗಿ ಸಾಕೋ ಎಂದು ಸಭೆ ಸಮಾರಂಭಗಳಲ್ಲಿ ಮಾತನಾಡದವರು ವಿರಳ. ಆದರೆ ಇಂಗ್ಲಿಷೇ ತಾಯ್ನುಡಿಯಾಗಿರುವ ನಾಡಿನಲ್ಲಿ ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳು ಆ ಭಾಷೆಯಲ್ಲಿ ಏನನ್ನು ಓದುತ್ತಾರೆ, ಹೇಗೆ ಓದುತ್ತಾರೆ ಎಂದು ವಿಚಾರಿಸಿದವರನ್ನು ನಾವು ಹೆಚ್ಚು ಕಂಡಿಲ್ಲ. ಪರರ ಮನೆಯ ಬಂಗಾರವನ್ನು ಹೊಗಳುವವನಾಗಲಿ ಹಳಿಯುವವನಾಗಲಿ ಒಮ್ಮೆ ಅದನ್ನು ಒರೆಗೆ ಹಚ್ಚಿ ನೋಡಬೇಡವೆ? ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ತಮ್ಮ ಮಕ್ಕಳ ಪಠ್ಯಗಳನ್ನು ಮಠಕ್ಕೆ ತಂದು ತೋರಿಸುವುದುಂಟು. ಅವುಗಳನ್ನೂ ಅಲ್ಲಿಯ ಸರಕಾರ ಹಾಗೂ ಪರೀಕ್ಷಾ ಮಂಡಲಿಗಳು ಪ್ರಕಟಿಸಿರುವ ಪಠ್ಯಕ್ರಮವನ್ನೂ ಓದಿದ ಮೇಲೆ ನಮಗೆ ತೋರಿದ ನಾಲ್ಕು ಮಾತುಗಳನ್ನು ವಾಚಕರ ಮುಂದಿರಿಸುತ್ತಿದ್ದೇವೆ.

ಇಂಗ್ಲೆಂಡಿನಲ್ಲಿ ಹದಿನಾರನೆಯ ವಯಸ್ಸಿಗೆ ಮಕ್ಕಳು ಬರೆಯುವ ಪರೀಕ್ಷೆಗೆ ಜಿ.ಸಿ.ಎಸ್.ಇ. ಎಂದು ಹೆಸರು. 1988ರಲ್ಲಿ ಮೊದಲ ಬಾರಿಗೆ ನಡೆದ ಈ ಪರೀಕ್ಷೆ ನಮ್ಮ ಎಸ್.ಎಸ್.ಎಲ್.ಸಿ.ಗೆ ಸರಿಸುಮಾರು ಸಮಾನವಾದುದು. ಅದರಲ್ಲಿ ಇಂಗ್ಲಿಷ್ ಒಂದು ವಿಷಯವಲ್ಲ, ಎರಡು. ಒಂದು ಇಂಗ್ಲಿಷ್ ಭಾಷೆ. ಇನ್ನೊಂದು ಇಂಗ್ಲಿಷ್ ಸಾಹಿತ್ಯ. ಬಹುಪಾಲು ಮಕ್ಕಳು ಎರಡನ್ನೂ ಬರೆಯುತ್ತಾರೆ. ಈಗಿರುವ ಕ್ರಮವು 2015ರಲ್ಲಿ ತರಗತಿಗಳಿಗೆ ಬಂದು 2017ರಲ್ಲಿ ಮೊದಲ ಪರೀಕ್ಷೆಯನ್ನು ಕಂಡಿತು. ಸಾಹಿತ್ಯದ ವಿಭಾಗದಲ್ಲಿ ಪ್ರತಿ ವಿದ್ಯಾರ್ಥಿಯೂ ಷೇಕ್ಸ್‌ಪಿಯರನ ಒಂದು ನಾಟಕ, 19ನೆಯ ಶತಮಾನದ ಒಂದು ಕಾದಂಬರಿ, 1789ರಿಂದ ಈಚಿನ ಕವಿತೆಗಳ ಒಂದು ಸಂಕಲನ, 1914ರಿಂದ ಈಚೆಗೆ ಬ್ರಿಟಿಷ್ ದ್ವೀಪಗಳಲ್ಲಿ ಹುಟ್ಟಿದ ಒಂದು ಕಥಾಕೃತಿ ಅಥವಾ ನಾಟಕ, ಇಷ್ಟನ್ನು ಓದಲೇಬೇಕು. ಇವಲ್ಲದೆ ಎಂದೂ ನೋಡಿರದ ಕವಿತೆಯನ್ನು ಪರೀಕ್ಷೆಯಲ್ಲಿಯೇ ಕೊಟ್ಟು ಅದನ್ನು ವಿವೇಚಿಸುವಂತೆ ಕೇಳುತ್ತಾರೆ. ಪರೀಕ್ಷಾ ಮಂದಿರದೊಳಗೆ ಪುಸ್ತಕವನ್ನು ಒಯ್ಯುವಂತಿಲ್ಲ. ಸ್ಕಾಟ್ಲೆಂಡಿನ ವ್ಯವಸ್ಥೆ ಬೇರೆ. ಅದರ ಗೊಡವೆ ಇಲ್ಲಿ ಬೇಡ.

ಈ ಪಾಠಕ್ರಮದ ವಂಶಾವಳಿಯಲ್ಲಿ ನಮಗೂ ಒಂದು ಪಾಲುಂಟೆಂಬುದನ್ನು ಬಹುಜನ ಅರಿಯರು. ಇಂಗ್ಲಿಷ್ ಸಾಹಿತ್ಯವನ್ನು ಒಂದು ಶಿಕ್ಷಣವಿಷಯವನ್ನಾಗಿ ಮಾಡಿ, ಪಠ್ಯ ಗೊತ್ತುಪಡಿಸಿ, ಪರೀಕ್ಷೆ ನಡೆಸುವ ಪದ್ಧತಿಯು ಇಂಗ್ಲೆಂಡಿಗಿಂತ ಮೊದಲು ಭಾರತದಲ್ಲಿ ಬೇರೂರಿತೆಂದು ಗೌರಿ ವಿಶ್ವನಾಥನ್ ಅವರು 1989ರಲ್ಲಿ ಪ್ರಕಟವಾದ 'ಮಾಸ್ಕ್ಸ್ ಆಫ್ ಕಾಂಕ್ವೆಸ್ಟ್' ಎಂಬ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ನೇರವಾಗಿ ಕ್ರೈಸ್ತಮತವನ್ನು ಬೋಧಿಸಿದರೆ ಪ್ರಜೆಗಳು ಕೆರಳಿಯಾರೆಂದು ಅಂಜಿದ ಕಂಪನಿ ಸರಕಾರವು ಸಾಹಿತ್ಯದ ಮೂಲಕ ನೀತಿಯನ್ನು ಬಿತ್ತಲು ಹವಣಿಸಿತೆಂಬುದು ಅವರ ವಾದದ ತಿರುಳು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯವು ಸ್ವತಂತ್ರ ಅಧ್ಯಯನದ ಸ್ಥಾನ ಪಡೆದದ್ದು 19ನೆಯ ಶತಮಾನದ ಕೊನೆಯ ದಶಕದಲ್ಲಿ, ಕೇಂಬ್ರಿಜ್‌ನಲ್ಲಿ 1917ರಲ್ಲಿ. ಅಲ್ಲಿಯ ಶಾಲೆಗಳಲ್ಲಿ ತಾಯ್ನುಡಿಯ ಸಾಹಿತ್ಯವೇ ಶಿಕ್ಷಣದ ನಡುಗಂಬವಾಗಬೇಕೆಂದು ನ್ಯೂಬೋಲ್ಟ್ ಸಮಿತಿಯ ವರದಿ ಸಾರಿದ್ದು 1921ರಲ್ಲಿ. ಅದಕ್ಕೆ ಮುನ್ನ ಅಲ್ಲಿಯ ದೊಡ್ಡ ಮನೆತನದ ಹುಡುಗರಿಗೆ ಸಾಹಿತ್ಯವೆಂದರೆ ಗ್ರೀಕ್, ಲ್ಯಾಟಿನ್ ಕಾವ್ಯಗಳೇ ಆಗಿದ್ದುವು. ಮನೆಮಾತನ್ನು ಮನೆಯವರೇ ಕಡೆಗಣಿಸುವ ರೋಗವು ನಮ್ಮದೊಂದೇ ಅಲ್ಲವೆಂದು ಕನ್ನಡಿಗರು ಇಲ್ಲಿ ಸಮಾಧಾನಪಟ್ಟುಕೊಳ್ಳಬಹುದು.

ಶಾಲಾಪಠ್ಯವೆಂದು ಯಾವುದನ್ನೂ ಲಘುವಾಗಿ ಎಣಿಸಬಾರದು. 1861ರಲ್ಲಿ ಪಾಲ್‌ಗ್ರೇವ್ ಸಂಪಾದಿಸಿದ 'ಗೋಲ್ಡನ್ ಟ್ರೆಷರಿ' ಎಂಬ ಕವನಸಂಕಲನ ಶಾಲೆ ಕಾಲೇಜುಗಳ ಮೂಲಕ ನಮ್ಮ ನಾಡಿಗೂ ಬಂದಿತು. ಅದರಲ್ಲಿಯ ಎಷ್ಟೋ ಗೀತೆಗಳು ಬಿ. ಎಂ. ಶ್ರೀಕಂಠಯ್ಯನವರ ಕೈಯಲ್ಲಿ 'ಇಂಗ್ಲಿಷ್ ಗೀತಗಳು' ಆಗಿ ಮೂಡಿ ಕನ್ನಡ ಕಾವ್ಯದ ನಡೆಯನ್ನೇ ಬದಲಿಸಿದುವು. ಒಂದು ಪಠ್ಯಪುಸ್ತಕ ಒಬ್ಬ ಸಹೃದಯನ ಕೈಗೆ ಬಿದ್ದರೆ ಇಷ್ಟಾಗುತ್ತದೆ. ಆದ್ದರಿಂದ ಮಕ್ಕಳ ಕೈಗೆ ಯಾವ ಪುಸ್ತಕ ಕೊಡುತ್ತಾರೆ ಎಂಬುದಕ್ಕಿಂತಲೂ ಆ ಪುಸ್ತಕವನ್ನು ಅವರ ಕೈಯಿಂದ ಏನು ಮಾಡಿಸುತ್ತಾರೆ ಎಂಬುದೇ ಇಲ್ಲಿ ನಮಗೆ ಮುಖ್ಯವಾದ ಪ್ರಶ್ನೆ.

ಮೊದಲು ಗುಣವನ್ನು ಹೇಳೋಣ. ಆ ಮಕ್ಕಳು ಇಡೀ ಕೃತಿಯನ್ನು ಓದುತ್ತಾರೆ. ನಾಟಕವೆಂದರೆ ನಾಟಕದ ಒಂದು ದೃಶ್ಯವಲ್ಲ, ಕಾದಂಬರಿಯೆಂದರೆ ಅದರಿಂದ ಕತ್ತರಿಸಿ ತೆಗೆದ ಮೂರು ಪುಟಗಳಲ್ಲ. ನಮ್ಮ ಪ್ರೌಢಶಾಲೆಗಳಲ್ಲಿ ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಹುಡುಗನು ಗದ್ಯಭಾಗ, ಪದ್ಯಭಾಗ, ಪೂರಕಪಾಠ ಎಂದು ತುಣುಕುಗಳನ್ನೇ ಉಂಡು ಬೆಳೆಯುತ್ತಾನೆ. ಪಂಪನ ಹತ್ತು ಪದ್ಯ, ರಾಘವಾಂಕನ ಎಂಟು ಪದ್ಯ, ಒಂದು ಪ್ರವಾಸ ಕಥನದ ನಾಲ್ಕು ಪುಟ. ಹತ್ತು ವರ್ಷ ಓದಿಯೂ ಒಂದು ಕೃತಿಯ ಆದಿಯಿಂದ ಅಂತ್ಯದವರೆಗೆ ನಡೆದುಹೋದ ಅನುಭವ ಅವನಿಗಿರುವುದಿಲ್ಲ. ಕೃತಿಯೊಂದರ ಮೊದಲಿನಲ್ಲಿ ಬಿತ್ತಿದ್ದು ಕೊನೆಯಲ್ಲಿ ಫಲಿಸುವುದನ್ನು ಕಾಣುವ ತಾಳ್ಮೆಯನ್ನು ತುಣುಕುಗಳು ಕಲಿಸಲಾರವು. ಈ ಒಂದು ವಿಷಯದಲ್ಲಿ ಅವರ ಪದ್ಧತಿ ನಮ್ಮದಕ್ಕಿಂತ ಮೇಲೆಂದು ಒಪ್ಪಲೇಬೇಕು.

ಇನ್ನು ಆ ಕೃತಿಗಳಲ್ಲಿ ಒಂದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1914ರಿಂದ ಈಚಿನ ಕೃತಿಗಳ ಪಟ್ಟಿಯಲ್ಲಿ ಅಲ್ಲಿಯ ಶಾಲೆಗಳು ಬಹುವಾಗಿ ಆರಿಸಿಕೊಳ್ಳುವುದು ಜೆ. ಬಿ. ಪ್ರೀಸ್ಟ್ಲಿಯ 'ಆನ್ ಇನ್‌ಸ್ಪೆಕ್ಟರ್ ಕಾಲ್ಸ್' ಎಂಬ ನಾಟಕವನ್ನು. ಮೂರು ಅಂಕಗಳ ಈ ನಾಟಕ 1945ರಲ್ಲಿ ಮೊದಲು ರಂಗವೇರಿದ್ದು ಸೋವಿಯತ್ ದೇಶದಲ್ಲಿ, ಲಂಡನ್ನಿನಲ್ಲಿ ಮರುವರ್ಷ. ಕಥೆ ನಡೆಯುವುದು 1912ರಲ್ಲಿ, ಒಂದೇ ರಾತ್ರಿ, ಒಂದೇ ಮನೆಯಲ್ಲಿ. ಆರ್ಥರ್ ಬರ್ಲಿಂಗ್ ಎಂಬ ಗಿರಣಿ ಮಾಲೀಕನ ಮಗಳು ಶೀಲಾಳಿಗೆ ಜೆರಾಲ್ಡ್ ಎಂಬ ಇನ್ನೊಬ್ಬ ಸಾಹುಕಾರನ ಮಗನೊಡನೆ ನಿಶ್ಚಿತಾರ್ಥವಾಗಿದೆ. ಔತಣ ಮುಗಿದಿದೆ. ಆಗ ಗೂಲ್ ಎಂಬ ಪೊಲೀಸ್ ಅಧಿಕಾರಿ ಬಾಗಿಲಿಗೆ ಬರುತ್ತಾನೆ. ಈವಾ ಸ್ಮಿತ್ ಎಂಬ ಬಡ ಹುಡುಗಿ ವಿಷ ಕುಡಿದು ಸತ್ತಿದ್ದಾಳೆ. ವಿಚಾರಣೆ ಮುಂದುವರಿದಂತೆ ಆ ಕೋಣೆಯಲ್ಲಿ ಕುಳಿತ ಐವರೂ ಒಬ್ಬರಾದ ಮೇಲೊಬ್ಬರು ಆಕೆಯನ್ನು ಸಾವಿನತ್ತ ದೂಡಿದವರೆಂದು ಬಯಲಾಗುತ್ತದೆ. ವಾರದ ಕೂಲಿಯನ್ನು ಇಪ್ಪತ್ತೆರಡೂವರೆ ಷಿಲಿಂಗಿನಿಂದ ಇಪ್ಪತ್ತೈದಕ್ಕೆ ಏರಿಸಬೇಕೆಂದು ಕೇಳಿದ ತಪ್ಪಿಗೆ ತಂದೆ ಆಕೆಯನ್ನು ಕೆಲಸದಿಂದ ತೆಗೆದಿದ್ದ. ಅಂಗಡಿಯಲ್ಲಿ ತನ್ನನ್ನು ನೋಡಿ ನಕ್ಕಳೆಂಬ ಸಿಟ್ಟಿಗೆ ಮಗಳು ಆಕೆಯ ಎರಡನೆಯ ಕೆಲಸವನ್ನು ಕಳೆದಿದ್ದಳು. ಭಾವೀ ಅಳಿಯ ಆಕೆಯನ್ನು ಕೆಲಕಾಲ ಇಟ್ಟುಕೊಂಡು ಕೈಬಿಟ್ಟಿದ್ದ. ಮಗ ಕುಡಿತದ ಅಮಲಿನಲ್ಲಿ ಆಕೆಯನ್ನು ಕೆಡಿಸಿ ಗರ್ಭಿಣಿಯಾಗಿಸಿದ್ದ. ಸಹಾಯ ಬೇಡಿ ಬಂದ ಆ ಗರ್ಭಿಣಿಯನ್ನು, ಧರ್ಮಸಂಸ್ಥೆಯೊಂದರ ಸಮಿತಿಯಲ್ಲಿದ್ದ ತಾಯಿ ಬರಿಗೈಯಲ್ಲಿ ಕಳಿಸಿದ್ದಳು.

ದಾನಧರ್ಮದ ಸಂಸ್ಥೆಗಳನ್ನು ನಡೆಸುವ ನಮ್ಮಂಥವರು ಈ ಕೊನೆಯ ಪ್ರಸಂಗವನ್ನು ಎರಡು ಸಲ ಓದುವುದು ಲೇಸು. ಆ ತಾಯಿ ಹಣ ಕದ್ದವಳಲ್ಲ, ನಿಯಮ ಮುರಿದವಳಲ್ಲ. ಬೇಡಲು ಬಂದವಳ ಮಾತಿನ ರೀತಿ ಅವಳಿಗೆ ಸೇರಲಿಲ್ಲ, ಅಷ್ಟೆ. ಕೊಡುವ ಕೈಯ ಅಹಂಕಾರವನ್ನು ಪ್ರೀಸ್ಟ್ಲಿ ಇಲ್ಲಿ ಹಿಡಿದಿರುವಷ್ಟು ನಿರ್ದಾಕ್ಷಿಣ್ಯವಾಗಿ ಹಿಡಿದ ಲೇಖಕರು ಕಡಿಮೆ.

ನಾಟಕದ ಕಟ್ಟುವಿಕೆಯಲ್ಲಿ ಒಂದು ಚಾತುರ್ಯವಿದೆ. ಗೂಲನು ಸತ್ತವಳ ಭಾವಚಿತ್ರವನ್ನು ಎಲ್ಲರಿಗೂ ಒಟ್ಟಿಗೆ ತೋರಿಸುವುದಿಲ್ಲ. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ತೋರಿಸುತ್ತಾನೆ. ಅವನು ಹೊರಟುಹೋದ ಮೇಲೆ, ಅಂಥ ಹೆಸರಿನ ಅಧಿಕಾರಿಯೇ ಆ ಊರಿನ ಠಾಣೆಯಲ್ಲಿಲ್ಲವೆಂದು ತಿಳಿಯುತ್ತದೆ. ಹಾಗಾದರೆ ನಾವೆಲ್ಲ ನೋಡಿದ್ದು ಒಂದೇ ಚಿತ್ರವೆನ್ನುವುದಕ್ಕೆ ಆಧಾರವೇನು, ಒಬ್ಬೊಬ್ಬರೂ ನೋಯಿಸಿದ್ದು ಬೇರೆಬೇರೆ ಹುಡುಗಿಯರನ್ನು ಇರಬಹುದಲ್ಲ ಎಂದು ಜೆರಾಲ್ಡ್ ತರ್ಕ ಹೂಡುತ್ತಾನೆ. ಆಸ್ಪತ್ರೆಯಲ್ಲಿ ವಿಚಾರಿಸಲು ಅಂಥ ಶವವೇ ಬಂದಿಲ್ಲವೆಂದು ಗೊತ್ತಾಗುತ್ತದೆ. ಹಿರಿಯರು ನಿಟ್ಟುಸಿರುಬಿಟ್ಟು ನಗತೊಡಗುತ್ತಾರೆ. ಕಿರಿಯರಾದ ಶೀಲಾ, ಎರಿಕ್ ಮಾತ್ರ ನಗಲಾರರು. ಒಬ್ಬಳಲ್ಲದೆ ಐವರಾದರೆ ಪಾಪ ಇಳಿಯಿತೋ ಏರಿತೋ? ಸಾವು ಸಂಭವಿಸದಿದ್ದರೆ ಮಾಡಿದ್ದು ಮಾಡದಂತಾಯಿತೋ? ದೂರವಾಣಿ ಮತ್ತೆ ಮೊಳಗುತ್ತದೆ. ನಿಜವಾಗಿಯೇ ಒಬ್ಬ ಹುಡುಗಿ ಈಗ ತಾನೇ ಸತ್ತಿದ್ದಾಳೆ, ವಿಚಾರಣೆಗೆ ಅಧಿಕಾರಿ ಬರುತ್ತಿದ್ದಾನೆ ಎಂಬ ಸುದ್ದಿಯೊಂದಿಗೆ ತೆರೆ ಬೀಳುತ್ತದೆ.

ಹದಿನೈದರ ಹರೆಯದಲ್ಲಿ ಇಂಥ ಪ್ರಶ್ನೆಗೆ ಎದುರಾಗುವುದು ಭಾಗ್ಯವೇ ಸರಿ. ಆದರೆ ನಾಟಕದಲ್ಲಿ ದೋಷವಿಲ್ಲವೆಂದಲ್ಲ. ಗೂಲನು ಪಾತ್ರಕ್ಕಿಂತ ಹೆಚ್ಚಾಗಿ ಲೇಖಕನ ಉಪನ್ಯಾಸ; ತೆರಳುವ ಮುನ್ನ ಅವನಾಡುವ ದೀರ್ಘ ಮಾತು 1945ರ ಚುನಾವಣೆಯ ಗಾಳಿಯನ್ನು ಉಸಿರಾಡಿದ್ದು. ಅದಕ್ಕಿಂತ ಗಂಭೀರವಾದ ದೋಷ ಮತ್ತೊಂದು. ಈವಾ ಸ್ಮಿತ್ ರಂಗದ ಮೇಲೆ ಒಮ್ಮೆಯೂ ಬರುವುದಿಲ್ಲ. ಬಡವಳ ಪರವಾಗಿ ಬರೆದ ನಾಟಕದಲ್ಲಿ ಬಡವಳಿಗೆ ನಾಲಗೆಯಿಲ್ಲ. ಆಕೆಯನ್ನು ಕುರಿತು ಎಲ್ಲರೂ ಮಾತನಾಡುತ್ತಾರೆ. ಆಕೆ ಮಾತ್ರ ಮಾತನಾಡುವುದಿಲ್ಲ. ಇದು ಲೇಖಕನು ಬೇಕೆಂದೇ ಮಾಡಿದ್ದು, ಸಮಾಜ ಆಕೆಯ ಬಾಯಿ ಕಟ್ಟಿರುವುದನ್ನೇ ಇದು ಸೂಚಿಸುತ್ತದೆ ಎಂದು ಸಮರ್ಥಿಸುವವರುಂಟು. ನಮಗೆ ಆ ಸಮರ್ಥನೆ ಅರ್ಧ ಮಾತ್ರ ಸಮ್ಮತ. ಸಿರಿವಂತರ ಪಶ್ಚಾತ್ತಾಪಕ್ಕೆ ಒಂದು ನಿಮಿತ್ತವಾಗಿ ಬಡವರನ್ನು ಬಳಸಿಕೊಳ್ಳುವ ಕರುಣೆಯು ಕರುಣೆಯಲ್ಲಿ ಎರಡನೆಯ ದರ್ಜೆಯದು.

ಇಂಥ ಆಕ್ಷೇಪವನ್ನು ಆ ಮಕ್ಕಳಲ್ಲಿ ಒಬ್ಬನು ಎತ್ತಿದರೆ ಅವನಿಗೆ ಅಂಕ ದೊರೆಯುವುದೋ? ಇಲ್ಲಿಗೆ ನಮ್ಮ ವಿಮರ್ಶೆಯ ಮರ್ಮಕ್ಕೆ ಬಂದೆವು. ಅಲ್ಲಿಯ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಅಚ್ಚಿನವು: ಲೇಖಕನು ಇಂಥ ಪಾತ್ರವನ್ನು, ಇಂಥ ವಿಷಯವನ್ನು ಹೇಗೆ ನಿರೂಪಿಸಿದ್ದಾನೆ? ಅದು ಸರಿಯೇ, ಸತ್ಯವೇ, ನಿನಗೆ ಒಪ್ಪಿಗೆಯೇ ಎಂಬುದು ಹಿಂದೆ ಸರಿಯುತ್ತದೆ. ಉತ್ತರಕ್ಕೂ ಅಚ್ಚು ಉಂಟು. ಮೊದಲು ಒಂದು ಪ್ರತಿಪಾದನೆ, ಅನಂತರ ಕೃತಿಯಿಂದ ಒಂದು ಉದ್ಧರಣೆ, ಅನಂತರ ವಿವರಣೆ. ಪ್ರತಿ ವಾಕ್ಯವೃಂದವೂ ಈ ಮೂರು ಮೆಟ್ಟಿಲುಗಳನ್ನು ಹತ್ತಿ ಇಳಿಯಬೇಕೆಂದು ಎಷ್ಟೋ ಶಾಲೆಗಳಲ್ಲಿ ಅಭ್ಯಾಸ ಮಾಡಿಸುತ್ತಾರೆ. ಶೀಲಾ ಎಂದರೆ ಹೊಸ ತಲೆಮಾರಿನ ಪ್ರತಿನಿಧಿ, ಬರ್ಲಿಂಗ್ ಎಂದರೆ ಬಂಡವಾಳಶಾಹಿಯ ಪ್ರತಿನಿಧಿ ಎಂದು ಸಿದ್ಧಸೂತ್ರಗಳು ಕೈಪಿಡಿಗಳಲ್ಲಿ ದೊರೆಯುತ್ತವೆ. ನಮ್ಮ ಮಾರುಕಟ್ಟೆಯ ಗೈಡುಗಳ ಅಣ್ಣತಮ್ಮಂದಿರು ಅಲ್ಲಿಯೂ ಇದ್ದಾರೆ.

ಪುಸ್ತಕವಿಲ್ಲದೆ ಬರೆಯಬೇಕಾದ್ದರಿಂದ ಮಕ್ಕಳು ಉದ್ಧರಣೆಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ಇದನ್ನು ಕಂಡು ಕಂಠಪಾಠವನ್ನೇ ಹಳಿಯುವ ಶಿಕ್ಷಣತಜ್ಞರೊಡನೆ ನಾವು ದನಿಗೂಡಿಸಲಾರೆವು. ಪಾಠಶಾಲೆಯಲ್ಲಿ ಅಮರಕೋಶವನ್ನೂ ರಘುವಂಶವನ್ನೂ ಬಾಯಿಗೆ ತಂದುಕೊಂಡ ಮೇಲೆಯೇ ನಮಗೆ ಅರ್ಥದ ಬಾಗಿಲು ತೆರೆದದ್ದು. ಗಮಕಿಯ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿ ಬೆಳೆದ ಅಕ್ಷರವರಿಯದ ಹಿರಿಯರು ಸಂಧಿಗೆ ಸಂಧಿಯನ್ನೇ ನೆನಪಿನಿಂದ ಹೇಳುತ್ತಿದ್ದುದನ್ನು ನಮ್ಮ ವಾಚಕರಲ್ಲಿ ಹಲವರು ಕೇಳಿರಬಹುದು. ಆದರೆ ಅಲ್ಲಿ ನೆನಪಿನಲ್ಲಿ ನಿಂತದ್ದು ಹರಿವು. ಇಲ್ಲಿ ನಿಲ್ಲಿಸುವುದು ಚೂರು. ಆರೇಳು ಪದಗಳ ಒಂದು ತುಣುಕನ್ನು, ಅದು ಎಲ್ಲಿ ಬೇಕಾದರೂ ಹೊಂದಿಕೊಳ್ಳಲಿ ಎಂಬ ಲೆಕ್ಕಾಚಾರದಿಂದಲೇ ಆರಿಸಿ ಉರುಹಚ್ಚಿದರೆ, ಅದು ಕಾವ್ಯದ ನೆನಪಲ್ಲ, ಪೆಟ್ಟಿಗೆಯಲ್ಲಿಟ್ಟ ಮೊಳೆ. ಮೆಟ್ಟಿಲಿನ ಸೂತ್ರವನ್ನೂ ಹಾಗೆಯೇ ತೂಗಬೇಕು. ಪದಚ್ಛೇದ, ಅನ್ವಯ, ಅರ್ಥ, ತಾತ್ಪರ್ಯ ಎಂದು ಕಾವ್ಯಪಾಠಕ್ಕೆ ನಮ್ಮ ಶಾಸ್ತ್ರಿಗಳೂ ಒಂದು ಕ್ರಮವನ್ನು ಇಟ್ಟುಕೊಂಡಿದ್ದರು. ಕ್ರಮ ತಪ್ಪಲ್ಲ. ಆದರೆ ಶಿಷ್ಯನು ಆ ಕ್ರಮವನ್ನು ದಾಟಿ ಶ್ಲೋಕದ ಸ್ವಾರಸ್ಯವನ್ನು ತಾನಾಗಿ ಎತ್ತಿ ಹೇಳಿದ ದಿನ ಗುರು ಹಿಗ್ಗುತ್ತಿದ್ದ. ಪರೀಕ್ಷಕನು ಏಣಿಗೇ ಕೂಲಿ ಕೊಟ್ಟರೆ ಅಟ್ಟಕ್ಕೆ ಹತ್ತುವವರು ಯಾರು?

ಷೇಕ್ಸ್‌ಪಿಯರನ ವಿಷಯದಲ್ಲಿಯೂ ಇದೇ ಕಥೆ. ಬಹುಜನಪ್ರಿಯವಾದ ಆಯ್ಕೆ 'ಮ್ಯಾಕ್‌ಬೆತ್'. ಪ್ರಶ್ನಪತ್ರಿಕೆಯಲ್ಲಿ ನಾಟಕದ ಒಂದು ಭಾಗವನ್ನು ಮುದ್ರಿಸಿ, ಅದರಿಂದ ಹೊರಟು ಇಡೀ ನಾಟಕವನ್ನು ಕುರಿತು ಬರೆಯುವಂತೆ ಕೇಳುವ ರೂಢಿಯಿದೆ. ಇದೇ ನಾಟಕವನ್ನು ಡಿ.ವಿ.ಜಿ.ಯವರು ಕನ್ನಡಕ್ಕೆ ತಂದರು. ಎಚ್. ಎಸ್. ಶಿವಪ್ರಕಾಶ್ ಅವರ 'ಮಾರನಾಯಕನ ದೃಷ್ಟಾಂತ'ದಲ್ಲಿ ಅದು ಹೊಸ ಹುಟ್ಟು ಪಡೆದು ಕರ್ನಾಟಕದ ಕಾರಾಗೃಹವಾಸಿಗಳಿಂದ ಅಭಿನಯಿತವಾಯಿತು. ಕೈಗೆ ರಕ್ತ ಹತ್ತಿದ ಮನುಷ್ಯನ ನಿದ್ರೆಗೇಡಿನ ಕಥೆಯನ್ನು ಬಂದಿಗಳು ಆಡಿದಾಗ ಅದಕ್ಕೆ ಬಂದಿರಬಹುದಾದ ಅರ್ಥವನ್ನೂ, ಅದೇ ಸಾಲುಗಳಲ್ಲಿ ರೂಪಕಾಲಂಕಾರವನ್ನು ಗುರುತಿಸಿ ಅಂಕ ಪಡೆಯುವ ಬಾಲಕನ ಉತ್ತರವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.

ಯಾವ ಕೃತಿಗಳು ಇರಬೇಕೆಂಬ ಜಗಳ ಅಲ್ಲಿ ಮುಗಿಯದ ಜಗಳ. 2015ರ ಸುಧಾರಣೆಗೆ ಮುನ್ನ ಅಲ್ಲಿಯ ಮಕ್ಕಳಲ್ಲಿ ಬಹುಸಂಖ್ಯಾತರು ಅಮೆರಿಕದ ಸ್ಟೈನ್‌ಬೆಕ್‌ನ 'ಆಫ್ ಮೈಸ್ ಅಂಡ್ ಮೆನ್' ಎಂಬ ಕಿರುಕಾದಂಬರಿಯನ್ನು ಓದುತ್ತಿದ್ದರು. ಬ್ರಿಟಿಷ್ ದ್ವೀಪಗಳ ಕೃತಿಯೇ ಆಗಬೇಕೆಂಬ ನಿಯಮ ಬಂದೊಡನೆ ಅದೂ ಹಾರ್ಪರ್ ಲೀಯವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಎಂಬ ಕಾದಂಬರಿಯೂ ಪಟ್ಟಿಯಿಂದ ಜಾರಿದುವು. 2014ರಲ್ಲಿ ದೊಡ್ಡ ಕೋಲಾಹಲವೆದ್ದಿತು. ತಾವು ಯಾವ ಪುಸ್ತಕವನ್ನೂ ನಿಷೇಧಿಸಿಲ್ಲವೆಂದು ಶಿಕ್ಷಣ ಸಚಿವ ಮೈಕೇಲ್ ಗೋವ್ ಉತ್ತರಿಸಿದರು. ಅಕ್ಷರಶಃ ಅದು ನಿಜ. ಆದರೆ ಬಾಗಿಲನ್ನು ಕಿರಿದುಮಾಡಿದವನು ಯಾರನ್ನೂ ಹೊರಗೆ ನೂಕಲಿಲ್ಲವೆಂದರೆ ಕೇಳಿದವರು ನಗುತ್ತಾರೆ.

ಇದಕ್ಕೂ ಹಿಂದಿನ ಒಂದು ಪಠ್ಯಸಂಕಲನದಲ್ಲಿ ಅನ್ಯಸಂಸ್ಕೃತಿಗಳ ಕವಿತೆಗಳೆಂದು ಒಂದು ವಿಭಾಗವಿತ್ತು. ಮುಂಬಯಿಯ ನಿಸ್ಸೀಮ್ ಎಜ಼ಕೀಲರ 'ನೈಟ್ ಆಫ್ ದ ಸ್ಕಾರ್ಪಿಯನ್', ಸುಜಾತಾ ಭಟ್ ಅವರ 'ಸರ್ಚ್ ಫಾರ್ ಮೈ ಟಂಗ್' ಅದರಲ್ಲಿದ್ದುವು. ಎರಡನೆಯದರ ನಡುವೆ ಗುಜರಾತಿ ಸಾಲುಗಳು ಗುಜರಾತಿ ಲಿಪಿಯಲ್ಲಿಯೇ ಬರುತ್ತವೆ. ಇಂಗ್ಲೆಂಡಿನ ಶಾಲಾಮಕ್ಕಳ ಪಠ್ಯದೊಳಗೆ ನಮ್ಮ ದೇಶದ ಒಂದು ಲಿಪಿ ಪ್ರವೇಶಿಸಿತ್ತೆಂಬುದು ಸಣ್ಣ ಮಾತಲ್ಲ. ಆದರೂ ಆ ವಿಭಾಗದ ಹೆಸರೇ ನಮಗೆ ಮುಳ್ಳಾಗಿ ತೋರುತ್ತದೆ. ಲೆಸ್ಟರ್ ನಗರದಲ್ಲಿ ಹುಟ್ಟಿದ ಗುಜರಾತಿ ಬಾಲಕಿಗೆ ಅನ್ಯಸಂಸ್ಕೃತಿ ಯಾವುದು? ಈಗಿನ ಪಟ್ಟಿಗಳಲ್ಲಿ ಅಂಥ ಕೊಟ್ಟಿಗೆ ಇಲ್ಲ. ಮೀರಾ ಸ್ಯಾಲ್ ಅವರ 'ಅನಿತಾ ಅಂಡ್ ಮಿ'ಯಂಥ ಕಾದಂಬರಿಗಳು ಆಯ್ಕೆಗೆ ದೊರೆತುವು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯ ಆಯಾಗಳನ್ನು ಕುರಿತ ತನಿಕಾ ಗುಪ್ತಾ ಅವರ 'ದಿ ಎಂಪ್ರೆಸ್' ನಾಟಕ ಒಂದು ಮಂಡಲಿಯ ಪಟ್ಟಿ ಸೇರಿತು. ಆದರೆ ಪಟ್ಟಿಯಲ್ಲಿರುವುದು ಬೇರೆ, ತರಗತಿಯಲ್ಲಿ ಓದುವುದು ಬೇರೆ. ಬಿಳಿಯರಲ್ಲದ ಲೇಖಕರ ಪೂರ್ಣಕೃತಿಯೊಂದನ್ನು ಕುರಿತು ಉತ್ತರ ಬರೆಯುವ ವಿದ್ಯಾರ್ಥಿಗಳು ಶೇ. 1ಕ್ಕಿಂತಲೂ ಕಡಿಮೆಯೆಂದು ರನ್ನಿಮೀಡ್ ಟ್ರಸ್ಟ್ ಮತ್ತು ಪೆಂಗ್ವಿನ್ ಸಂಸ್ಥೆಗಳ 2021ರ ವರದಿ ಹೇಳಿತು. ಕಾರಣ ದ್ವೇಷವಲ್ಲ, ಅಭ್ಯಾಸ. ಪ್ರೀಸ್ಟ್ಲಿಯ ನಾಟಕದ ಪ್ರತಿಗಳು ಶಾಲೆಯ ಕಪಾಟಿನಲ್ಲಿ ಇದ್ದೇ ಇವೆ, ಟಿಪ್ಪಣಿಗಳು ಸಿದ್ಧವಾಗಿವೆ, ನಾಟಕ ಚಿಕ್ಕದು. 2022ರಲ್ಲಿ ಇನ್ನೊಂದು ಮಂಡಲಿ ತನ್ನ ಕವನಸಂಕಲನದಿಂದ ವಿಲ್‌ಫ್ರೆಡ್ ಓವನ್, ಲಾರ್ಕಿನ್ ಮೊದಲಾದವರ ಕೆಲವು ಕವಿತೆಗಳನ್ನು ತೆಗೆದು ಹೊಸಬರನ್ನು ಸೇರಿಸಿದಾಗ, ಬಾಗ್ದಾದಿನಲ್ಲಿ ಹುಟ್ಟಿ ಬಾಲ್ಯದಲ್ಲಿ ಇಂಗ್ಲೆಂಡಿಗೆ ಬಂದಿದ್ದ ಶಿಕ್ಷಣ ಸಚಿವ ನದೀಮ್ ಜ಼ಹಾವಿಯವರೇ ಅದನ್ನು ಸಾಂಸ್ಕೃತಿಕ ವಿಧ್ವಂಸವೆಂದು ಕರೆದರು. ಸಾಹಿತ್ಯದಲ್ಲಿ ಯಾರು ಯಾರ ಪಕ್ಷವೆಂದು ಮುಖ ನೋಡಿ ಹೇಳಲಾಗದು.

ಭಾಷೆಯ ಪತ್ರಿಕೆಯ ವಿಷಯವನ್ನು ಚುಟುಕಾಗಿ ಹೇಳಿ ಬಿಡುತ್ತೇವೆ. ಅಲ್ಲಿ ಗೊತ್ತಾದ ಪಠ್ಯವಿಲ್ಲ. 19, 20, 21ನೆಯ ಶತಮಾನಗಳ ಬರಹದಿಂದ ಕಾಣದ ಭಾಗಗಳನ್ನು ಕೊಟ್ಟು ಪ್ರಶ್ನಿಸುತ್ತಾರೆ. ವರ್ಣನೆ, ಕಥನ, ವಾದಮಂಡನೆಗಳನ್ನು ಬರೆಸುತ್ತಾರೆ. ಒಟ್ಟು ಅಂಕಗಳಲ್ಲಿ ಶೇ. 20 ಕಾಗುಣಿತ, ಲೇಖನಚಿಹ್ನೆ, ವ್ಯಾಕರಣಶುದ್ಧಿಗೆ ಮೀಸಲು. ಭಾಷೆ ಎಲ್ಲಿಂದ ಬಂತು, ಹೇಗೆ ಬದಲಾಯಿತು, ಒಂದೊಂದು ಸೀಮೆಯಲ್ಲಿ ಏಕೆ ಒಂದೊಂದು ಬಗೆಯಾಗಿದೆ ಎಂಬ ತಿಳಿವಳಿಕೆಗೆ ಅಲ್ಲಿ ಎಡೆ ಕಡಿಮೆ.

ಎಲ್ಲಕ್ಕಿಂತ ನಮ್ಮನ್ನು ವ್ಯಥೆಗೊಳಿಸಿದ ಸಂಗತಿ ಬೇರೊಂದು. ಮಾತನಾಡುವ, ಆಲಿಸುವ ಸಾಮರ್ಥ್ಯಕ್ಕೆ ಹಿಂದೆ ಈ ಪರೀಕ್ಷೆಯಲ್ಲಿ ಅಂಕಗಳಿದ್ದುವು. ಶಾಲೆಗಳು ತಾವೇ ಕೊಡುವ ಈ ಅಂಕಗಳು ನಂಬಲರ್ಹವಲ್ಲವೆಂಬ ಕಾರಣದಿಂದ 2014ರ ಪರೀಕ್ಷೆಯಿಂದ ಅವುಗಳನ್ನು ದರ್ಜೆಯ ಲೆಕ್ಕದಿಂದ ಕೈಬಿಟ್ಟರು. ಈಗಲೂ ಮಗು ಒಂದು ಭಾಷಣ ಮಾಡುತ್ತದೆ, ಪ್ರಶ್ನೆಗಳಿಗೆ ಉತ್ತರಿಸುತ್ತದೆ. ಆದರೆ ಅದರ ಫಲ ಪ್ರತ್ಯೇಕವಾಗಿ ನಮೂದಾಗುತ್ತದೆಯೇ ಹೊರತು ದರ್ಜೆಗೆ ಸೇರುವುದಿಲ್ಲ. ಅಳೆಯಲು ಕಷ್ಟವಾದದ್ದನ್ನು ಬೆಲೆಯಿಲ್ಲದ್ದನ್ನಾಗಿ ಮಾಡುವುದು ಪರೀಕ್ಷೆಗಳ ಸ್ವಭಾವವೆಂದು ತೋರುತ್ತದೆ. ಆಡಿದ ಮಾತಿನಿಂದಲೇ ಹೆಸರು ಪಡೆದ ಸಾಹಿತ್ಯಪ್ರಕಾರವೊಂದನ್ನು ಮನೆಮನೆಯಲ್ಲಿ ಉಳಿಸಿಕೊಂಡು ಬಂದ ನಮ್ಮ ಜನಕ್ಕೆ ಇದರ ನಷ್ಟ ಎಷ್ಟೆಂದು ವಿವರಿಸಬೇಕಿಲ್ಲ. 2010ರ ದಶಕದಲ್ಲಿ, ಹದಿನಾರರ ಮೇಲೆ ಎ-ಲೆವೆಲ್ ಹಂತದಲ್ಲಿ ಇಂಗ್ಲಿಷನ್ನು ತಾವಾಗಿ ಆರಿಸಿಕೊಳ್ಳುವವರ ಸಂಖ್ಯೆ ಇಂಗ್ಲೆಂಡಿನಲ್ಲಿಯೇ ಇಳಿಮುಖವಾಯಿತು. ಅದಕ್ಕೆ ಉದ್ಯೋಗದ ಚಿಂತೆ ಮೊದಲಾದ ಕಾರಣಗಳು ಹಲವಿರಬಹುದು. ಚೂರು ಉರುಹಚ್ಚಿದ ಎರಡು ವರ್ಷಗಳ ಬೇಸರವೂ ಅವುಗಳಲ್ಲಿ ಒಂದಿರಬೇಕೆಂದು ನಮ್ಮ ಊಹೆ.

ಅಲ್ಲಿ ನೆಲೆಸಿರುವ ನಮ್ಮ ಸದ್ಭಕ್ತರು ಕೇಳುವ ಒಂದು ಪ್ರಶ್ನೆಗೆ ಇಲ್ಲಿಯೇ ಉತ್ತರ ಹೇಳುವುದು ಉಚಿತ. ಆ ದೇಶದ ಜಿ.ಸಿ.ಎಸ್.ಇ.ಯಲ್ಲಿ ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಭಾಷೆಗಳನ್ನು ತೆಗೆದುಕೊಳ್ಳಲು ಅವಕಾಶವಿದೆ, ಕನ್ನಡಕ್ಕಿಲ್ಲ. ಹಾಗಾದರೆ ಮಗುವಿಗೆ ಕನ್ನಡವನ್ನು ಹೇಗೆ ಉಳಿಸಿಕೊಡುವುದೆಂದು ಕೇಳುತ್ತಾರೆ. ಪರೀಕ್ಷೆಯಿಲ್ಲದಿರುವುದನ್ನು ಅನುಕೂಲವೆಂದೇ ಎಣಿಸಿರಿ. ಪ್ರೀಸ್ಟ್ಲಿಯ ನಾಟಕವನ್ನು ಎರಡು ಸಂಜೆಗಳಲ್ಲಿ ಓದಿ ಮುಗಿಸಬಹುದು. ಮಗುವಿನ ಜೊತೆಗೆ ಕುಳಿತು ತಂದೆತಾಯಿಗಳೂ ಓದಿರಿ, ಪಾತ್ರಗಳನ್ನು ಹಂಚಿಕೊಂಡು ಗಟ್ಟಿಯಾಗಿ ಓದಿರಿ. ಓದುವುದು ಇಂಗ್ಲಿಷಿನಲ್ಲಿಯೇ ಆಗಲಿ. ಆಮೇಲೆ ಊಟಕ್ಕೆ ಕುಳಿತಾಗ, ಆ ಹುಡುಗಿ ಒಬ್ಬಳೇ ಅಲ್ಲದೆ ಐವರಾಗಿದ್ದರೆ ಏನೆನ್ನುತ್ತಿದ್ದೆ ಎಂದು ಕನ್ನಡದಲ್ಲಿ ಕೇಳಿರಿ. ಅದು ಕನ್ನಡದಲ್ಲಿಯೇ ತಡವರಿಸಿ ಉತ್ತರ ಹುಡುಕುವವರೆಗೆ ಕಾಯಿರಿ.